ನಮ್ಮ ಕಡೆ ಆಳಿದವರಲ್ಲಿ ರೈತನಿಗೆ ಯಾರು ವಾಸಿ? ಕಂಪನಿಯವರಾ, ಹಿಂದಿನ ದೊರೆಗಳಾ?

ಶಿಂಷಾ ದಂಡೆ
ಎಲ್ಲರಿಗೂ ನಮಸ್ಕಾರ. ಮಂಡ್ಯ ಜಿಲ್ಲೆಯ ಹಳ್ಳಿಯವನು. ಹೋದ ವಾರ ಗದ್ದೆಯ ಖಾತೆ ವಿಷಯಕ್ಕೆ ಒಂದು ಕಚೇರಿಗೆ ಹೋಗಿದ್ದೆ. "ಹಳೇ ದಾಖಲೆ ಏನಾದ್ರೂ ಇದ್ರೆ ತನ್ನಿ" ಅಂದರು. ಮನೆಗೆ ಬಂದು ಅಟ್ಟ ಹತ್ತಿ ಹುಡುಕಿದರೆ ಕೈಗೆ ಸಿಕ್ಕಿದ್ದು ಒಂದು ಕಡತ. ಈಗ ನಾವು ಫೈಲಿಗೆ ಕಡತ ಅನ್ನುತ್ತೇವಲ್ಲ, ಅದಲ್ಲ. ಅಸಲಿ ಕಡತ. ಕಪ್ಪು ಬಟ್ಟೆ, ಮಡಿಕೆ ಮಡಿಕೆಯಾಗಿ ಮಡಚಿದ್ದು, ಮೇಲೆ ಬಳಪದಲ್ಲಿ ಬರೆದ ಬಿಳಿ ಅಕ್ಷರ. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿಯುತ್ತಿದ್ದರಂತೆ, ಅಜ್ಜಿ ಹೇಳಿದರು. ನಮ್ಮ ತಾತನ ತಾತ ಊರಿಗೆ ಪಟೇಲರು. ಹೇಗೋ ಇದು ನಮ್ಮ ಮನೆಯಲ್ಲೇ ಉಳಿದುಬಿಟ್ಟಿದೆ.

ಅಕ್ಷರ ಮೋಡಿ, ಅಂದರೆ ಹಳೇ ಕಾಲದ ಕೂಡುಬರಹ. ಒಂದೊಂದು ಪದ ಮಾತ್ರ ಗುರುತಾಗುತ್ತದೆ. ಜಮಾಬಂದಿ, ಬಾಕಿ, ಇನಾಮು, ಕಂದಾಯ. ಒಂದು ಕಡೆ "ಧಾತು ಸಂ" ಅಂತ ಇದೆ, ಮುಂದಕ್ಕೆ ಓದೋಕೆ ಆಗ್ತಿಲ್ಲ.

ಇದನ್ನು ನೋಡುತ್ತಾ ಕೂತಾಗ ಒಂದು ಪ್ರಶ್ನೆ ಬಂತು. ನಮ್ಮ ಊರನ್ನು ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು, ಒಡೆಯರು, ಹೈದರ್ ಟಿಪ್ಪು, ಆಮೇಲೆ ಬ್ರಿಟಿಷ್ ಕಮಿಷನರು, ಹೀಗೆ ಎಷ್ಟೋ ಜನ ಆಳಿದ್ದಾರೆ. ಗದ್ದೆ ಉಳುವವನಿಗೆ ಇದರಲ್ಲಿ ನಿಜವಾಗಿ ವ್ಯತ್ಯಾಸ ಅಂತ ಗೊತ್ತಾಗಿದ್ದು ಯಾವಾಗ? ಬ್ರಿಟಿಷರ ಆಡಳಿತ ಬೇರೆ ಥರ ಇತ್ತಾ, ಇಲ್ಲಾ ಹಳೇ ದೊರೆಗಳದ್ದೇ ಮುಂದುವರಿದಿದ್ದಾ?

ಮದ್ದೂರ್ ವಡೆ
ಮೊದಲು ಆ ಕಡತವನ್ನು ಸವರಬೇಡಿ ಗುರು. ಬಳಪ, ಅಳಿಸಿಹೋದೀತು.

ಲಕ್ಷ್ಮೀಪುರಂ ಮೇಷ್ಟ್ರು
ಒಳ್ಳೆ ಪ್ರಶ್ನೆ. ನನ್ನ ಉತ್ತರ ಕೆಲವರಿಗೆ ಇಷ್ಟ ಆಗಲಿಕ್ಕಿಲ್ಲ. ಲೆಕ್ಕ, ಶಿಸ್ತು, ಕಾಗದ ಅಂದರೆ ಬ್ರಿಟಿಷರೇ ವಾಸಿ.

1831ರಲ್ಲಿ ಕಂಪನಿ ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ತೆಗೆದುಕೊಂಡಿತು. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಕಮಿಷನರ್. ಆತನ ಕಾಲದಲ್ಲಿ ತೆಗೆದುಹಾಕಿದ ಸಣ್ಣಪುಟ್ಟ ತೆರಿಗೆಗಳ ಲೆಕ್ಕ ಗೊತ್ತಾ? 769! ಮದುವೆಯಾದರೆ ತೆರಿಗೆ. ಮಗು ಹುಟ್ಟಿದರೆ ತೆರಿಗೆ. ಅದಕ್ಕೆ ಹೆಸರಿಟ್ಟರೆ ಇನ್ನೊಂದು. ಚೌಲ ಮಾಡಿಸಿದರೆ ಮತ್ತೊಂದು. ಯಾವುದೋ ಊರಿನವರ ಪೂರ್ವಿಕರು ಪಾಳೇಗಾರನ ಕಳೆದುಹೋದ ಕುದುರೆ ಹುಡುಕಿಕೊಡಲಿಲ್ಲ ಅಂತ ಆ ಊರು ತಲೆತಲಾಂತರದಿಂದ ದಂಡ ಕಟ್ಟುತ್ತಿತ್ತು. ಮಲೆನಾಡಿನ ನಗರ (ಬಿದನೂರು) ಸೀಮೆಯಲ್ಲಿ ಒಂದು ಜಾಗ ಇತ್ತಂತೆ, ಅಲ್ಲಿ ಕೈಯನ್ನು ಮೈಗೆ ಅಂಟಿಸಿಕೊಂಡು ನಡೆಯದಿದ್ದರೆ ತೆರಿಗೆ. ಕೈ ಬೀಸಿದರೆ ದುಡ್ಡು!

ಮದ್ದೂರ್ ವಡೆ
ಕುದುರೆ ಕೊನೆಗೂ ಸಿಕ್ತಾ ಮೇಷ್ಟ್ರೇ?

ಕಬ್ಬಿನ ಜಲ್ಲೆ
ಮೇಷ್ಟ್ರೇ, ಗೌರವದಿಂದಲೇ ಹೇಳ್ತೀನಿ. ಈ 769ರ ಪಟ್ಟಿ ಬರೆದಿಟ್ಟವರು ಯಾರು? ರಾಜ್ಯ ಕಿತ್ತುಕೊಂಡವರೇ. ಹಿಂದಿನವನು ಎಷ್ಟು ಕೆಟ್ಟವನು ಅಂತ ತೋರಿಸಿದಷ್ಟೂ ಅವರಿಗೆ ಲಾಭ.

ಮತ್ತೆ ರೈತ ದಂಗೆ ಎದ್ದಿದ್ದು ಯಾಕೆ? 1799ರಲ್ಲಿ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಐದು ವರ್ಷದ ಹುಡುಗನನ್ನು ಗಾದಿ ಮೇಲೆ ಕೂರಿಸಿ ಒಪ್ಪಂದ ಬರೆಸಿಕೊಂಡರು. ವರ್ಷಕ್ಕೆ 7 ಲಕ್ಷ ವರಹ ಕಂಪನಿಗೆ ಕಟ್ಟಬೇಕು. ರೂಪಾಯಿ ಲೆಕ್ಕದಲ್ಲಿ 24.5 ಲಕ್ಷ. ಮಳೆ ಬರಲಿ ಬಿಡಲಿ, ಪೊಗದಿ ನಿಲ್ಲುವಂತಿಲ್ಲ. ಆ ದುಡ್ಡು ಎಲ್ಲಿಂದ ಬರಬೇಕು? ಅಮಲ್ದಾರರಿಗೆ "ಇಷ್ಟು ವಸೂಲು ಮಾಡಿಕೊಡ್ತೀನಿ" ಅಂತ ಶರ್ತಿ ಬರೆಸಿಕೊಂಡರು. ಅಮಲ್ದಾರ ರೈತನ ಚರ್ಮ ಸುಲಿದ. 1830ರಲ್ಲಿ ನಗರ ಸೀಮೆಯವರು ಎದ್ದರು. ದಂಗೆ ಎದ್ದಿದ್ದೇ ನೆಪ ಮಾಡಿಕೊಂಡು "ನಿಮಗೆ ಆಳೋಕೆ ಬರಲ್ಲ" ಅಂತ ಇವರೇ ಬಂದು ಕೂತರು. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗಿದ ಹಾಗೆ.

ಲಕ್ಷ್ಮೀಪುರಂ ಮೇಷ್ಟ್ರು
ಶರ್ತಿ ಪದ್ಧತಿ ದರಬಾರಿನದ್ದು, ಕಂಪನಿಯದ್ದಲ್ಲ. ಅದನ್ನು ನಿಲ್ಲಿಸಿದ್ದು ಕಮಿಷನ್.

ಕಬ್ಬಿನ ಜಲ್ಲೆ
ಪೊಗದಿ ನಿಲ್ಲಿಸಿದರಾ? 1881ರಲ್ಲಿ ರಾಜ್ಯ ವಾಪಸ್ ಕೊಡುವಾಗ ಅದೇ ಪೊಗದಿಯನ್ನು 35 ಲಕ್ಷಕ್ಕೆ ಏರಿಸಿದರು. ಐವತ್ತು ವರ್ಷ ಆಳಿ, ಹೋಗುವಾಗ ಬಾಡಿಗೆ ಜಾಸ್ತಿ ಮಾಡಿ ಹೋದರು.

ರೂಮ್ ನಂಬರ್ 12
ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇತಿಹಾಸ ಎಂ.ಎ. ಓದ್ತಿದ್ದೀನಿ, ನನ್ನದೂ ಎರಡು ಮಾತು. "ಬ್ರಿಟಿಷ್ ಆಡಳಿತ" ಅಂತ ಒಂದೇ ಇರಲಿಲ್ಲ. ಬಂಗಾಳದಲ್ಲಿ 1793ರಲ್ಲಿ ಜಮೀನ್ದಾರಿ ಕಾಯಂ ಮಾಡಿದರು. ವಸೂಲಾದ ಕಂದಾಯದ 11 ಪಾಲಿನಲ್ಲಿ 10 ಪಾಲು ಕಂಪನಿಗೆ, ಒಂದು ಜಮೀನ್ದಾರನಿಗೆ. ಗಡುವಿನ ದಿನ ಸೂರ್ಯ ಮುಳುಗುವಷ್ಟರಲ್ಲಿ ಕಟ್ಟದಿದ್ದರೆ ಜಮೀನ್ದಾರಿಯೇ ಹರಾಜು. ಅದನ್ನು ಮಾಡಿದ್ದು ಕಾರ್ನ್‌ವಾಲಿಸ್. ಹಿಂದಿನ ವರ್ಷ ನಮ್ಮ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನಿಂದ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಿತ್ತುಕೊಂಡನಲ್ಲ, ಅದೇ ಆಸಾಮಿ.

ಆ ಕಿತ್ತುಕೊಂಡ ಸೀಮೆಯಲ್ಲಿ ಬಾರಾಮಹಲ್ ಇತ್ತು, ಈಗಿನ ಸೇಲಂ, ಧರ್ಮಪುರಿ, ಕೃಷ್ಣಗಿರಿ ಕಡೆ. ಅಲ್ಲಿ ಥಾಮಸ್ ಮನ್ರೋ ಕೆಲಸ ಕಲಿತ. ಜಮೀನ್ದಾರ ಬೇಡ, ರೈತನ ಜೊತೆ ನೇರ ಲೆಕ್ಕ ಅಂದ. ಅದೇ ರೈತವಾರಿ. ಅಂದರೆ ಒಂದೇ ಕಂಪನಿ ಒಂದೇ ಕಾಲದಲ್ಲಿ ಎರಡು ಕಡೆ ಎರಡು ಥರ. ಮೈಸೂರಿನಲ್ಲಿ ಮೂರನೇ ಥರ: ಮುಂದೆ ರಾಜ, ಹಿಂದೆ ಕಂಪನಿಯ ಪ್ರತಿನಿಧಿ ರೆಸಿಡೆಂಟ್.

ಹೀಗೆ ಜಾಗಕ್ಕೊಂದು ಏರ್ಪಾಟು ಮಾಡೋದು ಹೊಸದೇನಲ್ಲ. ವಿಜಯನಗರದ ರಾಯರೂ ಶ್ರೀರಂಗಪಟ್ಟಣದಲ್ಲಿ ತಮ್ಮ ಪ್ರತಿನಿಧಿಯನ್ನು ಕೂರಿಸಿದ್ದರು. ಮೈಸೂರು ಒಡೆಯರು ಆಗ ಅವರ ಕೈಕೆಳಗಿನವರು. 1610ರಲ್ಲಿ ರಾಜ ಒಡೆಯರು ಪಟ್ಟಣ ಹಿಡಿದ ಮೇಲೆ ಕಥೆ ತಿರುಗಿತು.

ತಲಕಾಡು ಮರಳು
ಚೋಳರನ್ನು ಮರೆತೇಬಿಟ್ಟಿರಿ. ನಮ್ಮ ತಲಕಾಡಿಗೆ ರಾಜರಾಜಪುರ ಅಂತ ಹೆಸರಿಟ್ಟರು. ಗಂಗವಾಡಿ ಮುಡಿಗೊಂಡ ಚೋಳಮಂಡಲ ಆಯಿತು. ತಮಿಳು ಶಾಸನ ಈಗಲೂ ಇವೆ. ನೂರು ವರ್ಷಕ್ಕೂ ಜಾಸ್ತಿ ಇದ್ದರು. 1116ರ ಸುಮಾರಿಗೆ ವಿಷ್ಣುವರ್ಧನ ಓಡಿಸಿದ ಮೇಲೆ ತಾನೇ ತಲಕಾಡುಗೊಂಡ ಅಂತ ಬಿರುದು ಹಾಕಿಕೊಂಡ. ಊರಿನ ಹೆಸರು ಬದಲಾಯಿಸೋ ಚಟ ಬ್ರಿಟಿಷರಿಂದ ಶುರುವಾಗಿದ್ದಲ್ಲ ಅಂತ ಅಷ್ಟೇ ಹೇಳೋಕೆ ಬಂದೆ.

ಮದ್ದೂರ್ ವಡೆ
ಈಗಲೂ ಚಟ ಬಿಟ್ಟಿಲ್ಲ.

ಸರ್ವೆ ಸೀನ
ಭೂಮಿ ಅಳೆದೇ ಹೊಟ್ಟೆ ಹೊರೆಯುವವನು ನಾನು. ವ್ಯತ್ಯಾಸ ಎಲ್ಲಿದೆ ಅಂತ ನಾನು ಹೇಳ್ತೀನಿ ಕೇಳಿ: ಸರಪಳಿಯಲ್ಲಿ.

ಬ್ರಿಟಿಷರಿಗಿಂತ ಮುಂಚೆ ಅಳತೆಯೇ ಇರಲಿಲ್ಲ ಅನ್ನೋದು ಸುಳ್ಳು. ರಾಜರಾಜ ಚೋಳ ಸಾವಿರ ವರ್ಷದ ಹಿಂದೆ ಅಳೆಸಿದ್ದ. ಕೆಳದಿಯ ಶಿವಪ್ಪನಾಯಕನ "ಶಿಸ್ತು" ಮಲೆನಾಡಿನಲ್ಲಿ ಇವತ್ತಿಗೂ ಮಾತಿನಲ್ಲಿದೆ. ಆದರೆ ಆಗೆಲ್ಲ ಬಹಳ ಕಡೆ ಭೂಮಿಯ ಅಳತೆ ಬಿತ್ತನೆ ಲೆಕ್ಕದಲ್ಲಿ. ಇಷ್ಟು ಖಂಡುಗ ಬೀಜ ಹಿಡಿಯೋ ಗದ್ದೆ, ಇಷ್ಟು ಕೊಳಗ ಹಿಡಿಯೋ ಹೊಲ. ಒಂದು ಊರಿನ ಕೊಳಗ ಇನ್ನೊಂದು ಊರಿನದಕ್ಕಿಂತ ದೊಡ್ಡದು. ಎರೆಮಣ್ಣಿಗೂ ಕೆಂಪು ಮಣ್ಣಿಗೂ ಬೀಜ ಹಿಡಿಯೋದು ಬೇರೆ. ಅದು ಮೋಸ ಅಂತಲ್ಲ. ಮಣ್ಣಿನ ಗುಣ ಅಳತೆಯೊಳಗೇ ಸೇರಿಕೊಂಡಿರುತ್ತಿತ್ತು. ಒಳ್ಳೇದೂ ಹೌದು, ಅಧಿಕಾರಿಗೆ ತಲೆನೋವೂ ಹೌದು. ಯಾಕಂದ್ರೆ ಊರಿನವರು ಹೇಳಿದ್ದನ್ನೇ ನಂಬಬೇಕು.

1863ರಲ್ಲಿ ಕಮಿಷನರ್ ಬೌರಿಂಗ್ ಕಾಲಕ್ಕೆ ಬೊಂಬಾಯಿ ಮಾದರಿಯ ಸರ್ವೆ ಮೈಸೂರಿಗೆ ಬಂತು. 33 ಅಡಿ ಸರಪಳಿ. 33 ಅಡಿಗೆ 33 ಅಡಿ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಪ್ರತಿ ತುಂಡಿಗೂ ಒಂದು ಸರ್ವೆ ನಂಬರು, ಮೂಲೆಗೆ ಕಲ್ಲು, ನಕ್ಷೆ. ಅವತ್ತಿಂದ ಭೂಮಿ ಎಷ್ಟಿದೆ ಅಂತ ಗೊತ್ತು ಮಾಡೋಕೆ ಊರ ಗೌಡನನ್ನು ಕೇಳಬೇಕಾಗಿಲ್ಲ. ನಕ್ಷೆ ನೋಡಿದರೆ ಸಾಕು. ನಾನು ಈಗ ಮೆಷಿನ್ ಹಿಡ್ಕೊಂಡು ಹೋದರೂ ಮೊದಲು ಹುಡುಕೋದು ಆ ಹಳೇ ಕಲ್ಲನ್ನೇ. ಅರ್ಧ ಕಡೆ ಕಲ್ಲು ನಡೆದುಕೊಂಡು ಹೋಗಿರುತ್ತೆ, ಪಕ್ಕದ ಜಮೀನಿನವರ ಕೃಪೆ.

ಶಿಂಷಾ ದಂಡೆ
ಸೀನಣ್ಣ, ನನ್ನ ತೊಂದರೆಯೂ ಅದೇ ಕಲ್ಲಿನದ್ದು. ಆಮೇಲೆ ಹೇಳ್ತೀನಿ.

ಅಂಚೆ ಅಕ್ಕ
ಆಳಿದವರೆಲ್ಲ ನಾಡನ್ನು ಓದಿಕೊಳ್ಳೋಕೆ ನೋಡಿದವರೇ ಕಣ್ರಿ, ಬ್ರಿಟಿಷರೊಬ್ಬರೇ ಅಲ್ಲ. ಚಿಕ್ಕದೇವರಾಜ ಒಡೆಯರನ್ನು ನೋಡಿ. 1673ರಿಂದ 1704ರವರೆಗೆ ಆಳಿದವರು. ಆಡಳಿತವನ್ನು ಹದಿನೆಂಟು ಇಲಾಖೆ ಮಾಡಿದರು, ಅಠಾರ ಕಚೇರಿ. ಔರಂಗಜೇಬನ ದರಬಾರಿಗೆ ದೂತರನ್ನು ಕಳಿಸಿ, ಅಲ್ಲಿಯ ಏರ್ಪಾಟು ನೋಡಿಕೊಂಡು ಮಾಡಿದ್ದು ಅಂತ ಹೇಳುತ್ತಾರೆ. ಅದರಲ್ಲಿ ಅಂಚೆಯೂ ಒಂದು. ಕಾಗದ ಸಾಗಿಸುವುದರ ಜೊತೆಗೆ ಊರೂರಿನ ಗುಟ್ಟನ್ನು ದೊರೆಗೆ ಮುಟ್ಟಿಸೋದೂ ಅಂಚೆಯವರ ಕೆಲಸವಾಗಿತ್ತಂತೆ! ಆ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷರ ಟಪಾಲಿಗೆ ಸೇರಿತು. ಹೆಸರು ಮಾತ್ರ ನಮ್ಮದೇ ಉಳಿಯಿತು, ನೋಡಿ ಎಷ್ಟು ಗಟ್ಟಿ.

ದಿನಾ ಬೆಳಗ್ಗೆ ಎರಡು ಚೀಲ ವರಹ ಖಜಾನೆಗೆ ಬೀಳದೆ ಆ ದೊರೆ ಊಟಕ್ಕೆ ಕೂರುತ್ತಿರಲಿಲ್ಲ ಅಂತ ಕಥೆ. ನವಕೋಟಿ ನಾರಾಯಣ ಅಂತ ಸುಮ್ನೆ ಅಂದ್ರಾ.

ಕಬ್ಬಿನ ಜಲ್ಲೆ
ಆ ನವಕೋಟಿ ಶ್ರೀರಂಗಪಟ್ಟಣದಲ್ಲೇ ಇತ್ತು ಅಕ್ಕ. ಚಿಕ್ಕದೇವರಾಜ ನಾಲೆಯೂ ಇಲ್ಲೇ ಇದೆ, ಈಗಲೂ ನೀರು ಹರಿಯುತ್ತೆ. ಇದೇ ನನ್ನ ವಾದ. ಹಳೇ ದೊರೆ ಸುಲಿದರೂ ಸುಲಿದ ದುಡ್ಡು ಊರಲ್ಲೇ ಸುತ್ತುತ್ತಿತ್ತು. ಗುಡಿ, ನಾಲೆ, ದಸರಾ, ಸೈನಿಕನ ಸಂಬಳ. ಕಂಪನಿಯದ್ದು ಹಡಗು ಹತ್ತಿತು.

ಲಕ್ಷ್ಮೀಪುರಂ ಮೇಷ್ಟ್ರು
ಅದನ್ನು ಒಪ್ಪುತ್ತೇನೆ. ಆದರೆ "ಊರಲ್ಲೇ ಸುತ್ತಿತು" ಅನ್ನೋದಕ್ಕೂ ಮಿತಿ ಇದೆ. ಆ ಚಿಕ್ಕದೇವರಾಜರ ಕಾಲದಲ್ಲೇ ತೆರಿಗೆ ತಾಳಲಾರದೆ ರೈತರು ನೇಗಿಲು ಕೆಳಗಿಟ್ಟರು. ಜಂಗಮರು ಮುಂದೆ ನಿಂತರು. ಅದನ್ನು ಹೇಗೆ ಅಡಗಿಸಿದರು ಅನ್ನೋ ಕಥೆ ಓದಿದರೆ ರಾತ್ರಿ ನಿದ್ದೆ ಬರೋಲ್ಲ. ವಿಜಯನಗರದ ಕಾಲಕ್ಕೆ ಬಂದ ಪೋರ್ಚುಗೀಸ್ ವ್ಯಾಪಾರಿ ನೂನಿಜ್, ರೈತರು ಬೆಳೆದದ್ದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನಾಯಕರಿಗೆ ಕೊಡುತ್ತಾರೆ ಅಂತ ಬರೆದ. ಅಷ್ಟು ಕೊಟ್ಟರೆ ಬದುಕೋದು ಹೇಗೆ ಅಂತ ಎಷ್ಟೋ ವಿದ್ವಾಂಸರು ನಂಬೋದಿಲ್ಲ. ಆದರೂ ನೋಡಿದವನಿಗೆ ಹಾಗೆ ಅನ್ನಿಸುವಷ್ಟು ಕಿತ್ತುಕೊಳ್ಳುತ್ತಿದ್ದರು ಅಂತ ಆಯ್ತಲ್ಲ.

ಕಬ್ಬಿನ ಜಲ್ಲೆ
ನೂನಿಜ್ ಹೇಳಿದ್ದೂ ಹೊರಗಿನವನ ಮಾತು. ಮೇಷ್ಟ್ರಿಗೆ ಹೊರಗಿನವರ ಮೇಲೆ ಪ್ರೀತಿ ಜಾಸ್ತಿ 🙂

ಜೆಎಲ್‌ಬಿ ರಸ್ತೆ
ಟಿಪ್ಪು ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲ ಯಾಕೆ? ರೈತನಿಗೆ ನೇಗಿಲು ಎತ್ತು ಕೊಳ್ಳೋಕೆ ತಕಾವಿ ಸಾಲ ಕೊಡಿ ಅಂತ ಅಮಲ್ದಾರರಿಗೆ ಹುಕುಂ ಹೊರಡಿಸಿದವನು. ರೇಷ್ಮೆ ತಂದವನು.

ಹಳೇ ಅಗ್ರಹಾರ
ಅವನೇ ಇನಾಮು ಭೂಮಿ ಕಿತ್ತುಕೊಂಡವನೂ ಕೂಡ. ಎರಡೂ ಹೇಳಿ.

ನಿರ್ವಾಹಕ
ಟಿಪ್ಪು ಜಯಂತಿ ಜಗಳ ಇಲ್ಲಿ ಬೇಡ. ಹೋದ ವರ್ಷದ ಚರ್ಚೆ 400 ದಾಟಿ ಬೀಗ ಹಾಕಬೇಕಾಯ್ತು. ಆಡಳಿತದ ಬಗ್ಗೆ ಮಾತ್ರ ಬರೆಯಿರಿ.

ರೂಮ್ ನಂಬರ್ 12
ಆಡಳಿತದ ಬಗ್ಗೆಯೇ ಒಂದು ಚಂದದ ವಿಷಯ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. 1892ರಲ್ಲಿ ಬಿ.ಎಲ್. ರೈಸ್ ಕಂಡುಹಿಡಿದದ್ದು. ಅದರ ಶುರುವಿನ ಸಾಲು ಸರ್ಕಾರಿ ಸುತ್ತೋಲೆಯೇ. ಸುವರ್ಣಗಿರಿಯಲ್ಲಿರುವ ರಾಜಕುಮಾರ ಮತ್ತು ಮಹಾಮಾತ್ರರು (ಹಿರಿಯ ಅಧಿಕಾರಿಗಳು) ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ ಹೀಗೆ ತಿಳಿಸುತ್ತಾರೆ, ಅಂತ. ಮೇಲಿಂದ ಪಾಟಲಿಪುತ್ರ, ಮಧ್ಯೆ ಸುವರ್ಣಗಿರಿ, ಕೆಳಗೆ ಇಸಿಲ. ಈಗಿನ ರಾಜ್ಯ, ಜಿಲ್ಲೆ, ತಾಲ್ಲೂಕಿನ ಹಾಗೆಯೇ. ಕೆತ್ತಿದ ಲಿಪಿಕಾರ ಚಪಡ ಅಂತ, ಕೊನೆಯಲ್ಲಿ ತನ್ನ ಕಸುಬಿನ ಹೆಸರನ್ನು ಇಲ್ಲಿ ಯಾರಿಗೂ ಬಾರದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ವಾಯವ್ಯದ ಕಡೆಯ ಲಿಪಿ ಅದು. ಅಲ್ಲಿಂದ ಇಲ್ಲಿಗೆ ವರ್ಗವಾಗಿ ಬಂದ ನೌಕರನೇನೋ ಪಾಪ.

ಮದ್ದೂರ್ ವಡೆ
ಊರ ಹತ್ತಿರಕ್ಕೆ ವರ್ಗ ಕೇಳಿ ಅರ್ಜಿ ಹಾಕಿರ್ತಾನೆ.

ಅಂಚೆ ಅಕ್ಕ
ಆರೋಗ್ಯ ವಿಚಾರಿಸಿ ಹುಕುಂ ಕೊಡ್ತಿದ್ದರಲ್ಲ, ಅದು ಒಳ್ಳೆ ಪದ್ಧತಿ. ಈಗ ನಮಗೆ ಬರೋ ಮೆಮೊಗಳನ್ನು ನೋಡಬೇಕು ನೀವು.

ತಲಕಾಡು ಮರಳು
ಬರದ ವಿಷಯಕ್ಕೆ ಬನ್ನಿ. ಆಡಳಿತ ಎಂಥದ್ದು ಅಂತ ಗೊತ್ತಾಗೋದು ಬರದಲ್ಲಿ. 1876ರಿಂದ 78ರ ಧಾತು, ಈಶ್ವರ ಸಂವತ್ಸರಗಳ ಬರ ಬಂದಾಗ ಮೈಸೂರು ಆಳುತ್ತಿದ್ದದ್ದು ಬ್ರಿಟಿಷ್ ಕಮಿಷನ್ನೇ. 1871ರ ಜನಗಣತಿಯಲ್ಲಿ ಸಂಸ್ಥಾನದ ಜನ 50 ಲಕ್ಷ ದಾಟಿತ್ತು. 1881ರಲ್ಲಿ 42 ಲಕ್ಷದ ಒಳಗೆ. ಹತ್ತು ವರ್ಷದಲ್ಲಿ ಜನ ಹೆಚ್ಚಬೇಕು, ಇಲ್ಲಿ ಎಂಟು ಲಕ್ಷಕ್ಕೂ ಜಾಸ್ತಿ ಕಮ್ಮಿ. ಅದೇ ಸಮಯದಲ್ಲಿ, 1877ರ ಜನವರಿ 1ಕ್ಕೆ, ದಿಲ್ಲಿಯಲ್ಲಿ ವೈಸ್‌ರಾಯ್ ಲಿಟ್ಟನ್ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಅಂತ ಸಾರುವ ದರಬಾರು ಮಾಡುತ್ತಿದ್ದ. ಮದ್ರಾಸ್ ಕಡೆ ಬರ ನೋಡಿಕೊಳ್ಳೋಕೆ ಬಂದ ಅಧಿಕಾರಿ ರಿಚರ್ಡ್ ಟೆಂಪಲ್ ಬರ ಪರಿಹಾರದ ಕೂಲಿಯವನ ಕಾಳನ್ನು ದಿನಕ್ಕೆ ಒಂದು ಪೌಂಡಿಗೆ ಇಳಿಸಿದ. ಅರ್ಧ ಕೆ.ಜಿ.ಗೂ ಕಮ್ಮಿ. ಅದನ್ನು ತಿಂದು ಕಲ್ಲು ಒಡೆಯಬೇಕು.

ಮೇಷ್ಟ್ರು ಹೇಳಿದ ಕಾಗದ, ಲೆಕ್ಕ ಎಲ್ಲಾ ಆಗ ಇತ್ತು. ಎಷ್ಟು ಜನ ಸತ್ತರು ಅಂತ ಲೆಕ್ಕ ಇಡೋಕೆ ಚೆನ್ನಾಗಿ ಉಪಯೋಗಕ್ಕೆ ಬಂತು.

ಲಕ್ಷ್ಮೀಪುರಂ ಮೇಷ್ಟ್ರು
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮ ಅಜ್ಜಿ ಊಟದಲ್ಲಿ ಒಂದು ಅಗುಳು ಬಿಟ್ಟರೂ "ಧಾತು ಬರ ನೋಡಿದವರಿಗೆ ಗೊತ್ತು" ಅಂತ ಬೈಯುತ್ತಿದ್ದರು. ಅವರೂ ನೋಡಿರಲಿಲ್ಲ, ಅವರ ಅತ್ತೆಯಿಂದ ಕಲಿತ ಮಾತು. ಹಳೇ ದೊರೆಗಳ ಕಾಲದಲ್ಲೂ ಬರ ಇತ್ತು, ಆಗ ಸತ್ತವರ ಲೆಕ್ಕ ಬರೆದವರಿಲ್ಲ, ಅಷ್ಟು ಮಾತ್ರ ಸೇರಿಸುತ್ತೇನೆ.

ಸರ್ವೆ ಸೀನ
ಬರ ಆದ ಮೇಲೆ ರಂಗಾಚಾರ್ಲು ದಿವಾನರಾದರು. 1881ರಲ್ಲಿ ಪ್ರಜಾಪ್ರತಿನಿಧಿ ಸಭೆ, 144 ಜನ. ದಸರಾ ಸಮಯಕ್ಕೆ ಮೈಸೂರಿಗೆ ಕರೆದು ಕಷ್ಟ ಸುಖ ಕೇಳಿದರು. ಬ್ರಿಟಿಷರ ಸೀಮೆಯಲ್ಲಿ ಅಂಥದ್ದು ಇರಲಿಲ್ಲ. ಕಾನೂನು ಮಾಡೋ ಅಧಿಕಾರ ಇರಲಿಲ್ಲ, ಬಂದವರು ಜಮೀನುದಾರರು ಮತ್ತು ಸಾಹುಕಾರರು. ಆದರೂ ಶಾನುಭೋಗನ ಮೇಲೆ ದಿವಾನನ ಎದುರೇ ದೂರು ಹೇಳಬಹುದಿತ್ತು.

ಶಾನುಭೋಗರ ಮೊಮ್ಮಗಳು
ಶಾನುಭೋಗನ ಮೇಲೆ ದೂರು ಅಂದ ತಕ್ಷಣ ನಾನು ಬರಲೇಬೇಕು 😄

ನಮ್ಮದು ಪಾಂಡವಪುರ ಕಡೆಯ ಶಾನುಭೋಗಿಕೆ ಮನೆ. ಹಾಸುಹೊಕ್ಕಾಗಿ ಇದ್ದದ್ದನ್ನು ನೀವೆಲ್ಲ ಬಿಟ್ಟಿದ್ದೀರಿ. ಮೇಲೆ ಯಾರೇ ಇರಲಿ, ಊರಲ್ಲಿ ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಕಮ್ಮಾರ, ಬಡಗಿ, ಅಗಸ, ಎಲ್ಲಾ ಸೇರಿ ಹನ್ನೆರಡು ಆಯಗಾರರು. ಕಣದಲ್ಲಿ ರಾಶಿ ಅಳೆಯುವಾಗ ಇವರ ಆಯ ಮೊದಲು ತೆಗೆದಿಡುತ್ತಿದ್ದರು. ರಾಯರ ಕಾಲದಲ್ಲೂ ಇದೇ, ಕಬ್ಬನ್ ಕಾಲದಲ್ಲೂ ಇದೇ. ಕಬ್ಬನ್ ಸಾಹೇಬ ಸರಿಯಾಗಿ ಆಳಿದ ಅಂದರೆ ನಮ್ಮ ಮುತ್ತಾತ ಬರೆದದ್ದನ್ನು ನಂಬಿದ ಅಂತ ಅರ್ಥ. ವಂಶಪಾರಂಪರ್ಯ ಹೋಗಿದ್ದು ಸ್ವಾತಂತ್ರ್ಯ ಬಂದ ಮೇಲೆ, 1961ರ ಕಾಯಿದೆಯಲ್ಲಿ. ಆಗ ಗ್ರಾಮಲೆಕ್ಕಿಗರು ಬಂದರು. ಹೋಗಿದ್ದು ಸರಿಯೇ. ನಮ್ಮವರು ಲೆಕ್ಕದಲ್ಲಿ ಏನೇನು ಆಟ ಆಡಿದ್ದಾರೆ ಅಂತ ನನಗೆ ಗೊತ್ತು.

ಶಿಂಷಾ ದಂಡೆಯವರೇ, ಆ "ಧಾತು ಸಂ" ಇರೋ ಮಡಿಕೆಯ ಫೋಟೋ ಕಳಿಸಿ. ನನಗೆ ಮೋಡಿ ಅಷ್ಟೋ ಇಷ್ಟೋ ಬರುತ್ತೆ. ಬಿಸಿಲು ಓರೆಯಾಗಿ ಬೀಳೋ ಹಾಗೆ ಇಟ್ಟು ತೆಗೀರಿ.

ಶಿಂಷಾ ದಂಡೆ
ಅಕ್ಕ, ಕಳಿಸಿದ್ದೀನಿ. ನಾಲ್ಕು ಸಾಲು ಇದೆ.

ಶಾನುಭೋಗರ ಮೊಮ್ಮಗಳು
ರಾತ್ರಿಯೆಲ್ಲ ಕೂತು ಓದಿದೆ. ಕೆರೆ ಕೆಳಗಿನ ಗದ್ದೆ, ಒಬ್ಬ ರೈತನ ಕಂದಾಯದ ಲೆಕ್ಕ. ಹೆಸರು ಅರ್ಧ ಅಳಿಸಿದೆ, ಕೊನೆಗೆ "ಯ್ಯ" ಮಾತ್ರ ಇದೆ.

ಧಾತು ಸಂ: ಬೆಳೆ ಇಲ್ಲ, ಬಾಕಿ.
ಈಶ್ವರ ಸಂ: ಆಸಾಮಿ ಊರಲ್ಲಿಲ್ಲ, ಬಾಕಿ.
ಬಹುಧಾನ್ಯ ಸಂ: ಬಾಕಿ.
ಪ್ರಮಾಥಿ ಸಂ: ಹೆಂಡತಿ ಕಡೆಯಿಂದ ವಸೂಲು.

ಕಬ್ಬಿನ ಜಲ್ಲೆ
ಮೂರು ವರ್ಷ ಮಾಫಿ ಅನ್ನೋ ಪದವೇ ಬರಲಿಲ್ಲ ನೋಡಿ.

ಲಕ್ಷ್ಮೀಪುರಂ ಮೇಷ್ಟ್ರು
ಒಂದು ಊರಿನ ಒಂದು ಮಡಿಕೆ ಇಟ್ಟುಕೊಂಡು ಸಂಸ್ಥಾನದ ಮೇಲೆ ತೀರ್ಪು ಕೊಡಬೇಡ ತಮ್ಮಾ. ಮಾಫಿ ಬಂದಿದ್ದು ಗೌಡ ಶಾನುಭೋಗರ ಜೇಬು ಸೇರಿರಬಹುದು.

ಶಾನುಭೋಗರ ಮೊಮ್ಮಗಳು
ಸೇರಿರಬಹುದು ಮೇಷ್ಟ್ರೇ. ಅದನ್ನು ಮಾತ್ರ ಕಡತದಲ್ಲಿ ಬರೆಯುತ್ತಿರಲಿಲ್ಲ.

ಅಂಚೆ ಅಕ್ಕ
"ಆಸಾಮಿ ಊರಲ್ಲಿಲ್ಲ." ಎಲ್ಲಿಗೆ ಹೋಗಿದ್ದನೋ. ಆ ಹೆಂಡತಿ ಏನು ಮಾರಿ ಕಟ್ಟಿದಳೋ.

ಸರ್ವೆ ಸೀನ
ಶಿಂಷಾ ದಂಡೆ, ಕೆರೆ ಕೆಳಗಿನ ಗದ್ದೆ ಅಂದರಲ್ಲ, ನಿಮ್ಮ ತಕರಾರಿನ ಗದ್ದೆಯೂ ಅದೇನಾ?

ಶಿಂಷಾ ದಂಡೆ
ಅದೇ ಅಣ್ಣ. ಪಕ್ಕದವರು ಅದು ತಮ್ಮ ಮುತ್ತಜ್ಜನದ್ದು, ಬರದಲ್ಲಿ ಊರು ಬಿಟ್ಟಾಗ ಪಟೇಲರು ಹಾಕಿಕೊಂಡರು ಅಂತಾರೆ. ನಾವು ಇಷ್ಟು ದಿನ ಸುಳ್ಳು ಅಂತಿದ್ದೆವು. ಅವರ ಮುತ್ತಜ್ಜನ ಹೆಸರು ನಂಜಯ್ಯ.

ಮದ್ದೂರ್ ವಡೆ
ಈಗ ಬೇಕಾದ್ರೆ ಕಡತ ಸವರಬಹುದು ಗುರು.

ಶಿಂಷಾ ದಂಡೆ
ಅಜ್ಜಿ ಆಗಲೇ ಅದನ್ನು ಬಟ್ಟೆಯಲ್ಲಿ ಸುತ್ತಿ ತಮ್ಮ ಟ್ರಂಕಿಗೆ ಹಾಕಿ ಬೀಗ ಹಾಕಿದ್ದಾರೆ. ಕೀ ಕೇಳಿದರೆ ಕೊಡ್ತಿಲ್ಲ.